ನಿದ್ದೆ ಮೇಡಂಗೆ ತುರಿಕೆ

ಇಷ್ಟೆಲ್ಲ ರಾದ್ಧಾಂತಕ್ಕೂ ಮೂಲ ಒಂದೇ ಒಂದು ಗುಳ್ಳೆ. ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ, ಸಾಸಿವೆ ಕಾಳಿನಷ್ಟು ಎದ್ದಿತ್ತು, ಅಷ್ಟೆ. ಎಂಟನೇ ತಿಂಗಳಿಗೆ ಕಾಲಿಟ್ಟ ಬಸುರಿಯ ಹೊಟ್ಟೆಯೆಂದರೆ ದೊಡ್ಡ ಮೈದಾನ. ಅಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಯಾರ ಲೆಕ್ಕಕ್ಕೆ? ಆದರೆ ಆ ಗುಳ್ಳೆ ಒಂಟಿಯಾಗಿರಲಾರದೆ ತನ್ನ ನೆಂಟರಿಷ್ಟರನ್ನೆಲ್ಲ ಕರೆಸಿಕೊಂಡಿತು. ಹೊಟ್ಟೆ ಹಿಗ್ಗಿ ಮೂಡಿದ್ದ ಗೆರೆಗಳಗುಂಟ ಅವು ಬಂದು ಬಿಡಾರ ಹೂಡಿದವು, ಕೆಂಪಗೆ ಊದಿಕೊಂಡವು, ಜಾಗ ಸಾಲದೆ ತೊಡೆಗೂ ಇಳಿದವು. ಹೊಕ್ಕುಳನ್ನು ಮಾತ್ರ ಏನೋ ಮರ್ಯಾದೆ ಇಟ್ಟುಕೊಂಡು ಮುಟ್ಟಲಿಲ್ಲ.

ಅದು ಅಂತಿಂಥ ತುರಿಕೆಯಲ್ಲ. ಬೆರಳಿಂದ ಕೆರೆದರೆ ಬಾಚಣಿಗೆ ಬೇಕೆನಿಸುವ, ಬಾಚಣಿಗೆಯಿಂದ ಕೆರೆದರೆ ಬಾಗಿಲ ಚೌಕಟ್ಟಿಗೇ ಹೋಗಿ ಉಜ್ಜಿಕೊಳ್ಳೋಣವೆನಿಸುವ ತುರಿಕೆ. ಹಗಲು ಹೇಗೋ ಕಳೆಯುತ್ತಿತ್ತು. ಮಲಗಿದ ಕೂಡಲೇ ಒಂದೊಂದೇ ಗುಳ್ಳೆ ಎಚ್ಚರವಾಗುತ್ತಿತ್ತು. ಅವಳು ಕಣ್ತುಂಬ ನಿದ್ದೆ ಮಾಡಿ ಎಷ್ಟು ಕಾಲವಾಯಿತೋ ಅವಳಿಗೇ ಮರೆತುಹೋಗಿತ್ತು. ಇದರಲ್ಲಿನ ಕುಚೋದ್ಯವೆಂದರೆ, ಅವಳ ಕಸುಬೇ ನಿದ್ದೆ ಮಾರುವುದು. ಹಾಸಿಗೆ ಅಂಗಡಿಯಲ್ಲಿ ಅವಳು ಮಾರಾಟಗಾರ್ತಿ. ಗಿರಾಕಿಗಳಿಂದ ಹಿಡಿದು ಮಾಲೀಕರವರೆಗೆ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ನಿದ್ದೆ ಮೇಡಂ ಅಂತ.

ನಿದ್ದೆಗಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿದ್ದದ್ದು ಬೇರೆ. ಹೊರಗೆ ಹೀಗಿದ್ದರೆ ಒಳಗೆ ಹೇಗಿದೆಯೋ? ಮಗು ಒದ್ದಾಗಲೆಲ್ಲ ಅವಳಿಗೆ ಭಯ. ಅದು ಆಟವಾಡುತ್ತಿದೆಯೋ, ಅಥವಾ ಅದರ ಮೈಮೇಲೂ ಇವೇ ಗುಳ್ಳೆಗಳೆದ್ದು ಪುಟ್ಟ ಕೈಯಲ್ಲಿ ಕೆರೆದುಕೊಳ್ಳಲಾಗದೆ ಒದ್ದಾಡುತ್ತಿದೆಯೋ? ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆಂಬ ಅಂಜಿಕೆ ಒಂದು, ನಗದೇ ಹೋದರೆ ಎಂಬ ಅಂಜಿಕೆ ಇನ್ನೊಂದು.

"ಏನೇ ಇದು, ಕೆರ್ಕೊಂಡು ಕೆರ್ಕೊಂಡು ಗಾಯ ಮಾಡ್ಕೊಂಡಿದೀಯ. ಇವತ್ತು ಡಾಕ್ಟರ ಹತ್ರ ಹೋಗು" ಅಂದ ಗಂಡ. ಅವನು ಬ್ರೆಡ್ ಕಾರ್ಖಾನೆಯ ಒಲೆಯ ಮುಂದೆ ರಾತ್ರಿಯೆಲ್ಲ ನಿಂತು ಬೆಳಗ್ಗೆ ಮನೆಗೆ ಬರುವ ಆಸಾಮಿ. ಹುಬ್ಬಿನ ಮೇಲೆ ಯಾವಾಗಲೂ ಹಿಟ್ಟು. ಮನೆಯಲ್ಲಿದ್ದದ್ದು ಹಪ್ಪಳದಂತೆ ತೆಳ್ಳಗಾಗಿದ್ದ ಒಂದೇ ಹಾಸಿಗೆ. ರಾತ್ರಿ ಪಾಳಿಗೆ ಅವಳು, ಹಗಲು ಪಾಳಿಗೆ ಅವನು. ಅವನಂತೂ ತಲೆ ಇಟ್ಟ ಕ್ಷಣವೇ ಮರದ ದಿಮ್ಮಿ.

"ಇವತ್ತಾಗಲ್ಲ. ಹಾಸ್ಟೆಲ್ ವಾರ್ಡನ್ ಬರ್ತಾರೆ. ಇಡೀ ಹಾಸ್ಟೆಲ್‌ಗೆ ಹಾಸಿಗೆ ತಗೋತಾರಂತೆ. ಅವರ ಮುಂದೆ ನಾನೇ ಮಲಗಿ ತೋರಿಸಬೇಕು ಅಂತ ಮಾಲೀಕರು ಹೇಳಿದಾರೆ."

"ಲೋಕದಲ್ಲಿ ಮಲಗೋಕೆ ಸಂಬಳ ತಗೊಳ್ಳೋಳು ನೀನೊಬ್ಳೇ. ಆದ್ರೂ ನಿದ್ದೆ ಇಲ್ಲ ನೋಡು" ಅಂದವನೇ ಗಂಡ ಮಗ್ಗುಲು ತಿರುಗಿದ. ಅವಳು ಚಪ್ಪಲಿ ಮೆಟ್ಟುವುದರೊಳಗೆ ಗೊರಕೆ ಶುರುವಾಗಿತ್ತು.

ಬಾಗಿಲು ದಾಟುವಷ್ಟರಲ್ಲಿ ಎದುರುಮನೆಯ ಅಜ್ಜಿ ಹಿಡಿದುಕೊಂಡಳು. ಈ ಅಜ್ಜಿಗೆ ಬೀದಿಯ ಎಲ್ಲ ಬಸುರಿಯರೂ ಸ್ವಂತ ಆಸ್ತಿ. ಕೈಯಲ್ಲೊಂದು ಬಟ್ಟಲು, ಬಟ್ಟಲಿನ ತುಂಬ ಹಸಿರು ಮುದ್ದೆ.

"ನಿಲ್ಲೇ. ಗೋಡೆಗೆ ಹೊಟ್ಟೆ ಉಜ್ಜಿಕೊಳ್ತಿದ್ದದ್ದನ್ನ ಕಿಟಕಿಯಿಂದ ನೋಡಿದೆ. ಅದು ಕೂದಲು ಕಣೇ, ಕೂದಲು! ಮಗುವಿಗೆ ತಲೆ ತುಂಬ ಕೂದಲಿದೆ. ಅದು ಒಳಗಿಂದ ಚುಚ್ಚುತ್ತೆ, ನಿನಗೆ ಹೊರಗಡೆ ತುರಿಸುತ್ತೆ."

"ತೊಡೆ ಯಾಕಜ್ಜಿ ತುರಿಸುತ್ತೆ? ಕೂದಲು ಅಲ್ಲೀವರೆಗೂ ಬಂದಿದೆಯಾ?"

"ಉದ್ದ ಕೂದಲು" ಅಂದಳು ಅಜ್ಜಿ, ಒಂದಿಷ್ಟೂ ಅಳುಕದೆ.

ಅಜ್ಜಿಯ ಜೊತೆ ವಾದಕ್ಕೆ ನಿಂತರೆ ಬಸ್ಸು ತಪ್ಪುತ್ತದೆ. ಅವಳು ತೆಪ್ಪಗೆ ಅಂಗಿ ಎತ್ತಿದಳು. ತನ್ನ ಹಿತ್ತಲಿನ ಯಾವುದೋ ಎಲೆ ಅರೆದ ಆ ಮುದ್ದೆಯನ್ನು ಅಜ್ಜಿ ಹೊಟ್ಟೆಗೆಲ್ಲ ಮೆತ್ತಿದಳು, ಗೋಡೆಗೆ ಗಾರೆ ಬಳಿಯುವವರಂತೆ. ಅದು ತಣ್ಣಗೇನೋ ಇತ್ತು. ಬಸ್ಸು ಎರಡು ತಿರುವು ದಾಟುವಷ್ಟರಲ್ಲಿ ಒಣಗಿ, ಬಿಗಿದು, ಚಕ್ಕೆಚಕ್ಕೆಯಾಗಿ ಉದುರತೊಡಗಿತು. ತುರಿಕೆ ಮಾತ್ರ ಎಲ್ಲೂ ಇಳಿಯದೆ ಅಂಗಡಿಯವರೆಗೂ ಜೊತೆಗೇ ಬಂತು.

ಹಾಸಿಗೆ ಅಂಗಡಿಯ ವ್ಯಾಪಾರಕ್ಕೆ ಒಂದು ಕಷ್ಟವಿದೆ. ಗಿರಾಕಿಗಳು ಹಾಸಿಗೆಯನ್ನು ಒತ್ತಿ ನೋಡುತ್ತಾರೆ, ಗುದ್ದಿ ನೋಡುತ್ತಾರೆ, ಮಲಗಿ ಎಂದರೆ ಮಾತ್ರ ನಾಚಿಕೊಳ್ಳುತ್ತಾರೆ. ಅಪರಿಚಿತರ ಮುಂದೆ ಅಡ್ಡಾಗುವುದಕ್ಕೆ ಯಾರಿಗೆ ಧೈರ್ಯ? ಅದಕ್ಕೇ ಮೊದಲು ಮಾರುವವರು ಮಲಗಬೇಕು, ಹಾಯಾಗಿ ನಾಲ್ಕು ಮಾತಾಡಬೇಕು, ಆಗ ಗಿರಾಕಿಯೂ ಮೆಲ್ಲಗೆ ಚಪ್ಪಲಿ ಬಿಡುತ್ತಾನೆ. ಈ ವಿದ್ಯೆಯಲ್ಲಿ ನಿದ್ದೆ ಮೇಡಂಗೆ ಸಮನಿರಲಿಲ್ಲ. ಅವಳ ಹೊಟ್ಟೆ ಕಾಣಿಸತೊಡಗಿದ ಮೇಲಂತೂ ಮಾಲೀಕರಿಗೆ ಹೊಸ ಉಪಾಯ ಹೊಳೆಯಿತು. ಬೀದಿಗೆ ಕಾಣುವ ಗಾಜಿನ ಕಿಟಕಿಯಲ್ಲಿ ಅಂಗಡಿಯ ಅತ್ಯುತ್ತಮ ಹಾಸಿಗೆ ಹಾಕಿಸಿ, ಅವಳನ್ನು ಅದರ ಮೇಲೆ ಒರಗಿಸಿಬಿಟ್ಟರು. "ಬಸುರಿಗೇ ಸುಖವಾಗಿದೆ ಅಂದ್ರೆ ಬೇರೆಯವರ ಮಾತೇನು!" ಎನ್ನುವುದು ಅವರ ವಾದ. ಒರಗಬಹುದಿತ್ತು, ನಿದ್ದೆ ಮಾಡುವಂತಿರಲಿಲ್ಲ. ಕಣ್ಣು ಮುಚ್ಚಿದರೆ ಕೆಲಸ ಕದ್ದ ಹಾಗೆ.

"ಏನ್ರೀ ಇದು ಅಂಗಿ ಮೇಲೆ ಹಸಿರು?" ಎಂದು ಕ್ಯಾಷಿಯರ್ ಅಕ್ಕ ಬಾಗಿಲಲ್ಲೇ ಕೇಳಿದಳು.

ಅವಳು ಹೇಳಬೇಕಾಯಿತು. ಅಕ್ಕ ಕೈಹಿಡಿದು ಒಳಕೋಣೆಗೆ ಎಳೆದುಕೊಂಡು ಹೋಗಿ, ಹೊಟ್ಟೆಯನ್ನು ನೋಡಿ, "ಏನೋ ತಿನ್ನಬಾರದ್ದು ತಿಂದಿದೀರ" ಎಂದು ತೀರ್ಪು ಕೊಟ್ಟಳು. ಎರಡು ಹೆತ್ತವಳು ತಾನು, ಒಂದು ಗುಳ್ಳೆಯಾದರೂ ಎದ್ದಿತ್ತಾ? ತನಗೆ ಬಂದಿದ್ದದ್ದು ಕೆನ್ನೆಯ ಮೇಲೆ ಬಂಗು ಮಾತ್ರ, ಅದೂ ಹೆರಿಗೆಯಾದ ಮೇಲೆ ಮಂಜು ಕರಗಿದ ಹಾಗೆ ಹೋಗಿತ್ತು. ಇಷ್ಟು ಹೇಳಿ ಅಕ್ಕ ಡಬ್ಬಿಗಟ್ಟಲೆ ಪೌಡರ್ ಸುರಿದಳು. ಹಸಿರಿನ ಮೇಲೆ ಬಿಳಿ ಕೂತು ಹೊಟ್ಟೆ ಈಗ ಹಿಮ ಬಿದ್ದ ಹುಲ್ಲುಗಾವಲಿನಂತೆ ಕಾಣುತ್ತಿತ್ತು.

ವ್ಯಾನ್ ಡ್ರೈವರ್ ಬಾಗಿಲಿಂದಲೇ ಇಣುಕಿದ. "ಸೊಳ್ಳೆ ಮೇಡಂ, ಸೊಳ್ಳೆ. ನನಗೂ ಮೊನ್ನೆಯಿಂದ ಬಿಡದೆ ಕಚ್ತಾ ಇವೆ" ಎಂದು ಕುತ್ತಿಗೆ ಕೆರೆದುಕೊಂಡ. ಅಂಗಡಿಯಲ್ಲಿ ಹಳೇ ಹಾಸಿಗೆ ಕೊಟ್ಟು ಹೊಸದು ಒಯ್ಯುವ ಯೋಜನೆ ನಡೆಯುತ್ತಿತ್ತು. ಮುಚ್ಚಿಹೋದ ಒಂದು ಲಾಡ್ಜಿನ ಹಳೇ ಹಾಸಿಗೆಗಳನ್ನೆಲ್ಲ ಡ್ರೈವರೇ ತುಂಬಿಕೊಂಡು ಬಂದಿದ್ದ. ಅವಿನ್ನೂ ವ್ಯಾನಿನಲ್ಲೇ ಬಿದ್ದಿದ್ದವು. ಆತನಿಗೆ ಎಲ್ಲಿ ಮೆತ್ತಗಿದ್ದರೂ ನಿದ್ದೆ. ವ್ಯಾನಿನ ರಾಶಿಯ ಮೇಲೆ ಒಂದು ಸುತ್ತು, ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಎಳೆದಾಗ ಕಿಟಕಿಯ ಹಾಸಿಗೆಯ ಮೇಲೆ ಇನ್ನೊಂದು ಸುತ್ತು. ಬೀದಿಯವರು ಗಾಜಿಗೆ ಮೂಗು ಒತ್ತಿ ಅವನನ್ನು ನೋಡಿ, ಇದೂ ಜಾಹೀರಾತೇ ಇರಬೇಕೆಂದು ಮೆಚ್ಚಿಕೊಂಡು ಹೋಗುತ್ತಿದ್ದರು.

ಮಾಲೀಕರಿಗೆ ಗುಳ್ಳೆಗಿಂತ ವಾರ್ಡನ್ ಚಿಂತೆ. "ಎಲ್ಲ ಟೆನ್ಶನ್ ಮೇಡಂ. ಟೆನ್ಶನ್ ಬಿಡಿ, ತುರಿಕೆ ತಾನೇ ಬಿಡುತ್ತೆ. ಇವತ್ತೊಂದು ದಿನ ಕೈ ಕಟ್ಕೊಂಡು ಮಲಗಿ" ಅಂದರು. ಹೀಗೆ ಕೂದಲು, ಊಟ, ಸೊಳ್ಳೆ, ಟೆನ್ಶನ್ ಎಂದು ಎಲ್ಲರಿಗೂ ಒಂದೊಂದು ಕಾರಣ ಸಿಕ್ಕಿತು. ರಾತ್ರಿ ನಿದ್ದೆ ಬಂತಾ ಅಂತ ಒಬ್ಬರೂ ಕೇಳಲಿಲ್ಲ. ಬಸುರಿಯ ಹೊಟ್ಟೆ ಸಾರ್ವಜನಿಕ ರಸ್ತೆಯ ಹಾಗೆ, ಓಡಾಡುವವರಿಗೆಲ್ಲ ಅದರ ಮೇಲೆ ಹಕ್ಕಿದೆ, ರಿಪೇರಿ ಮಾತ್ರ ಯಾರದೂ ಅಲ್ಲ ಎಂದು ಅವಳಿಗೆ ಅನ್ನಿಸಿ ದುಃಖವಾಯಿತು.

ವಾರ್ಡನ್ ಬಂದದ್ದು ಊಟದ ಹೊತ್ತು ಮುಗಿಯುತ್ತಿದ್ದಂತೆ. ಕಿಟಕಿಯ ಹಾಸಿಗೆಯಿಂದ ಡ್ರೈವರನ್ನು ಎಬ್ಬಿಸಿ ಓಡಿಸಿ, ಚಾದರದ ಸುಕ್ಕು ತೆಗೆದು ಅವಳು ನಿಲ್ಲುವುದಕ್ಕೂ ಆಕೆ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಬಿಗಿದು ಕಟ್ಟಿದ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ. ಹಾಸಿಗೆಯನ್ನು ಆಕೆ ಮುಟ್ಟುವ ಮೊದಲು ಮೂಸಿದಳು.

"ನನಗೆ ಮೆತ್ತಗಿರೋದು ಮುಖ್ಯ ಅಲ್ಲ. ತಿಗಣೆ ಇರಬಾರದು. ಒಂದು ಸಲ ಹಾಸ್ಟೆಲ್‌ಗೆ ತಿಗಣೆ ಹೊಕ್ಕರೆ ಮಕ್ಕಳು ಹೊರಗೆ, ತಿಗಣೆ ಒಳಗೆ."

"ಛೆ ಛೆ! ನಮ್ಮಲ್ಲಿ ತಿಗಣೆಯಾ!" ಎಂದು ಮಾಲೀಕರು ಕಿವಿ ಮುಚ್ಚಿಕೊಂಡರು. "ಮೇಡಂ, ಮಲಗಿ ತೋರಿಸಿ."

ಅವಳು ಮಲಗಿದಳು. ಆಹಾ, ಎಂಥ ಹಾಸಿಗೆ! ಒಂದು ಕ್ಷಣ ಕಣ್ಣಿಗೆ ತಾನಾಗಿ ಜೋಂಪು ಹತ್ತಿತು. ಇದರ ಮೇಲೆ ಒಂದೇ ಒಂದು ರಾತ್ರಿ, ಯಾರೂ ನೋಡದೆ, ಯಾರಿಗೂ ಏನೂ ಮಾರದೆ ಮಲಗಲು ಸಿಕ್ಕಿದ್ದರೆ! ಆದರೂ ಮಾತು ಶುರುಮಾಡಿದಳು. "ಮೊದಲು ಬೆನ್ನು ಹಾಸಿಗೆಯನ್ನ ನಂಬಬೇಕು ಮೇಡಂ. ಆಮೇಲೆ ಸೊಂಟ. ಆಮೇಲೆ…"

ಆಮೇಲೆ ತುರಿಕೆ. ಎಡ ತೊಡೆಯಲ್ಲಿ ಹೊತ್ತಿಕೊಂಡದ್ದು ಹೊಟ್ಟೆಗೆ ಹಬ್ಬಿತು. ಹೊಟ್ಟೆಯಾಯಿತು ಎನ್ನುವಷ್ಟರಲ್ಲಿ, ಇಷ್ಟು ದಿನ ಸುಮ್ಮನಿದ್ದ ತೋಳಿನಲ್ಲೂ ಏನೋ ಚುರುಕ್ ಎಂದಿತು. ಅವಳು ಹಲ್ಲು ಕಚ್ಚಿ ನಕ್ಕಳು. ಕಾಲಿಗೆ ಕಾಲು ಉಜ್ಜಿದಳು. ಮಗ್ಗುಲಾಗುವ ನೆಪದಲ್ಲಿ ಹೊಟ್ಟೆಯನ್ನು ಹಾಸಿಗೆಗೇ ತಿಕ್ಕಿದಳು. "…ಆಮೇಲೆ ಮೈಯೆಲ್ಲ ಸಡಿಲ ಬಿಟ್ಟು, ಅಯ್ಯಯ್ಯೋ, ಹಾಯಾಗಿ, ಅಮ್ಮಾ!" ಎನ್ನುತ್ತ ಎರಡೂ ಕೈಯಿಂದ ಪರಪರ ಕೆರೆದುಕೊಂಡೇಬಿಟ್ಟಳು. ಪೌಡರ್ ಮೋಡದಂತೆ ಮೇಲೆದ್ದಿತು. ಅದು ಇಳಿದಾಗ ಬಿಳಿ ಚಾದರದ ಮೇಲೆ ಹಸಿರು ಚಕ್ಕೆಗಳು ಹರಡಿದ್ದವು.

ವಾರ್ಡನ್ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿದಳು. "ತಿಗಣೆ!"

"ಅಲ್ಲ ಮೇಡಂ, ಇದು ನನ್ನದು, ಬಸುರಿ…"

"ಬಸುರಿಯರನ್ನ ಬೇಕಾದಷ್ಟು ನೋಡಿದೀನಿ. ಈ ಥರ ಕುಣಿಯೋದು ತಿಗಣೆ ಕಚ್ಚಿದಾಗ ಮಾತ್ರ." ಆಕೆ ಬಾಗಿಲಿಗೆ ನಡೆದಳು. ಮಾಲೀಕರು ಹಿಂದೆಯೇ ಓಡಿ, ಬೇಡಿಕೊಂಡು, ತಮ್ಮ ಕೋಣೆಯಲ್ಲಿ ಕೂರಿಸಿ ಚಹಾ ತರಿಸಿದರು. ಅಷ್ಟರಲ್ಲಿ ಕ್ಯಾಷಿಯರ್ ಅಕ್ಕ ಬೆನ್ನು ಕೆರೆದುಕೊಳ್ಳುತ್ತಿದ್ದಳು. ಅದನ್ನು ನೋಡಿ ಮಾಲೀಕರಿಗೂ ಮೊಣಕೈ ತುರಿಸಿತು. ಡ್ರೈವರಿಗಂತೂ ಬಿಡುವೇ ಇರಲಿಲ್ಲ.

"ಅಂಟುತ್ತೆ ಸಾರ್ ಇದು!" ಅಂದಳು ಅಕ್ಕ ಗಾಬರಿಯಿಂದ. "ಡ್ರೈವರಿಗೆ ಆಗಲೇ ಅಂಟಿದೆ, ನೋಡಿ ಅವನ ಕುತ್ತಿಗೆ. ನಾನು ಬೇರೆ ಕೈಯಾರೆ ಪೌಡರ್ ಹಾಕಿದೀನಿ!"

ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದರು. "ಮೇಡಂ, ಬೇಜಾರು ಮಾಡ್ಕೋಬೇಡಿ. ಇದು ಏನು ಅಂತ ಗೊತ್ತಾಗೋವರೆಗೂ ನೀವು ಅಂಗಡಿಗೆ ಬರಬೇಡಿ. ನೇರ ಡಾಕ್ಟರ ಹತ್ರ ಹೋಗಿ, ಅಲ್ಲಿಂದಲೇ ಫೋನ್ ಮಾಡಿ."

ಬಸ್ಸಿನಲ್ಲಿ ಅವಳ ಹೊಟ್ಟೆ ನೋಡಿ ಯಾರೋ ಎದ್ದು ಜಾಗ ಕೊಟ್ಟರು. ಅವಳು ಕೂತು ಕೆರೆದುಕೊಳ್ಳತೊಡಗಿದ ಮೇಲೆ ಪಕ್ಕದವರು ಎದ್ದರು, ಹಿಂದಿನವರು ಎದ್ದರು, ಕೊನೆಗೆ ಇಡೀ ಸಾಲೇ ಅವಳದಾಯಿತು. ಅಷ್ಟಗಲ ಜಾಗದಲ್ಲಿ ಒಬ್ಬಳೇ ಕೂತಾಗ ಅವಳಿಗೆ ಅಳು ಬಂತು. ಕೆಲಸ ಹೋದರೆ ಹೋಗಲಿ, ವಾರ್ಡನ್ ಹೋದರೆ ಹೋಗಲಿ. ನಿಜವಾಗಿ ಅಂಟುವ ಕಾಯಿಲೆಯೇ ಆಗಿದ್ದರೆ, ಇಡೀ ಬಸ್ಸಿನವರು ಎದ್ದು ಹೋಗಬಹುದು. ಒಳಗಿರುವ ಮಗು ಎಲ್ಲಿಗೆ ಎದ್ದು ಹೋಗಬೇಕು?

ಕ್ಲಿನಿಕ್ಕಿನ ಡಾಕ್ಟರಮ್ಮ ಅಂಗಿ ಎತ್ತಿ ನೋಡಿದರು, ಹಾಗೇ ಇಳಿಸಿದರು. "ಮೊದಲು ಒಳಗೆ ಹೋಗಿ ತೊಳೆದುಕೊಂಡು ಬನ್ನಿ. ಚರ್ಮ ಎಲ್ಲಿದೆ ಅಂತ ನಾನು ಹುಡುಕಬೇಕಾಗಿದೆ."

ಅವಳು ಹಸಿರನ್ನೂ ಬಿಳಿಯನ್ನೂ ತೊಳೆದುಕೊಂಡು ಬಂದಳು. ಡಾಕ್ಟರಮ್ಮ ದೀಪ ಹಿಡಿದು ನೋಡುತ್ತ ಒಂದೊಂದಾಗಿ ಕೇಳಿದರು. ಮೊದಲು ಶುರುವಾದದ್ದು ಈ ಗೆರೆಗಳಲ್ಲೇ ತಾನೇ? ಹೊಕ್ಕುಳ ಸುತ್ತ ಏನೂ ಇಲ್ಲ, ಅಲ್ವಾ? ನೀರು ತುಂಬಿದ ದೊಡ್ಡ ಗುಳ್ಳೆ ಇಲ್ಲ ತಾನೇ? ಅಂಗೈ, ಅಂಗಾಲು ತುರಿಸುತ್ತಾ? ಅಂಗೈ ಪ್ರಶ್ನೆಗೆ ಅವಳು ಇಲ್ಲವೆಂದಾಗ ತಲೆಯಾಡಿಸಿದರೂ, "ಒಂದು ಸಲ ರಕ್ತ ನೋಡಿಬಿಡೋಣ. ಕೆಲವರಿಗೆ ಮೈಮೇಲೆ ಏನೂ ಕಾಣಿಸದೆ ಬರೀ ತುರಿಕೆ ಬರುತ್ತೆ, ಅದು ಲಿವರ್‌ದು. ಅದನ್ನ ನಾವು ಹಗುರವಾಗಿ ತಗೊಳ್ಳಲ್ಲ" ಎಂದು ರಕ್ತ ತೆಗೆಸಿದರು. ಆಮೇಲೆ ಅವಳ ತೋಳನ್ನು ದೀಪದ ಹತ್ತಿರ ತಂದರು. ಅಲ್ಲಿ ಸಾಲಾಗಿ ಮೂರು ಕೆಂಪು ಚುಕ್ಕೆಗಳು.

"ಇದೊಂದು ಬೇರೆ ಥರ ಇದೆಯಲ್ಲ. ಮನೇಲಿ ಬೇರೆ ಯಾರಿಗಾದ್ರೂ ತುರಿಕೆ ಇದೆಯಾ? ನಿಮ್ಮವರಿಗೆ?"

"ಅವರಿಗಾ? ಮೈಮೇಲೆ ವ್ಯಾನ್ ಹತ್ತಿದ್ರೂ ಗೊತ್ತಾಗಲ್ಲ, ಹಾಗೆ ಮಲಗ್ತಾರೆ."

"ನೀವು ಮಲಗೋ ಹಾಸಿಗೆ ಮೇಲೇನೇ?"

"ಇರೋದೇ ಒಂದು ಹಾಸಿಗೆ."

"ಹಾಗಾದ್ರೆ ಬಿಡಿ. ಅಂಟೋ ಕಜ್ಜಿಯೋ ತಿಗಣೆಯೋ ಆಗಿದ್ರೆ ಅವರಿಗೂ ಇಷ್ಟರಲ್ಲಿ ಬಂದಿರಬೇಕಿತ್ತು. ಅವರಿಗೂ ಶುರುವಾದ್ರೆ ನನಗೆ ಹೇಳಿ."

ರಕ್ತದ ವರದಿ ಬರುವವರೆಗೆ ಅವಳು ಬೆಂಚಿನ ಮೇಲೆ ಕೂತಿದ್ದಳು. ಎದುರಿನ ಗೋಡೆಯ ಮೇಲೆ ನಗುವ ಮಗುವಿನ ಚಿತ್ರ. ಅದರ ಕಡೆ ಅವಳು ನೋಡಲಿಲ್ಲ. ಕೆರೆದುಕೊಳ್ಳಲೂ ಇಲ್ಲ, ತಾನು ಅಲುಗದೆ ಕೂತರೆ ವರದಿ ಚೆನ್ನಾಗಿ ಬರುತ್ತದೆ ಎಂಬ ಹುಚ್ಚು ನಂಬಿಕೆಯೊಂದು ಹೇಗೋ ಮನಸ್ಸಿಗೆ ಹೊಕ್ಕಿತ್ತು. ಇಡೀ ದಿನದಲ್ಲಿ ಅವಳು ತುರಿಕೆಯನ್ನು ಗೆದ್ದದ್ದು ಅಲ್ಲೊಂದೇ ಕಡೆ.

"ಲಿವರ್ ಚೆನ್ನಾಗಿದೆ. ಇದು ಬಸುರಲ್ಲಿ ಬರೋ ತುರಿಕೆ. ಚೊಚ್ಚಲಿಗೆ ಜಾಸ್ತಿ, ಚರ್ಮ ಹಿಗ್ಗೋ ಕಡೆ ಬರುತ್ತೆ, ಹೆರಿಗೆಯಾದ ಮೇಲೆ ತಾನೇ ಹೋಗುತ್ತೆ. ಅಂಟಲ್ಲ. ಮಗುವಿಗೆ ಏನೂ ಆಗಲ್ಲ."

"ಅದಕ್ಕೂ ಗುಳ್ಳೆ… ಅದೂ ಒಳಗೆ ಕೆರೆದುಕೊಳ್ತಾ…" ಅವಳು ಕೊನೆಗೂ ಕೇಳಿಯೇಬಿಟ್ಟಳು.

ಡಾಕ್ಟರಮ್ಮ ನಗಲಿಲ್ಲ. ಮಗುವಿನ ಎದೆಬಡಿತ ಕೇಳಿಸುವ ಯಂತ್ರ ತಂದು ಹೊಟ್ಟೆಯ ಮೇಲಿಟ್ಟರು. ಕೋಣೆಯ ತುಂಬ ಪುಟ್ಟ ಕುದುರೆಯೊಂದು ಓಡುವ ಸದ್ದು. "ಕೇಳಿದ್ರಾ? ಅಲ್ಲಿ ಯಾರಿಗೂ ತುರಿಕೆ ಇಲ್ಲ. ಅಲ್ಲಿ ಬರೀ ನೀರು, ಆಟ" ಅಂದರು. ಅವಳು ಆ ಸದ್ದನ್ನು ಕೇಳುತ್ತ, ಎಷ್ಟೋ ರಾತ್ರಿಗಳಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತುಬಿಟ್ಟಳು.

ಹಚ್ಚಿಕೊಳ್ಳಲು ಮುಲಾಮು, ತಣ್ಣೀರ ಸ್ನಾನ, ಸಡಿಲ ಬಟ್ಟೆ ಎಂದೆಲ್ಲ ಹೇಳಿಸಿಕೊಂಡು, ಅವಳು ಅಂಗಡಿಗೆ ಫೋನ್ ಹಚ್ಚಿ ಡಾಕ್ಟರಮ್ಮನ ಕೈಗೇ ಕೊಟ್ಟಳು. ಮಾಲೀಕರಿಗೆ ಒಂದು ಚಟವಿತ್ತು. ಫೋನು ಕಿವಿಗೆ ಹಿಡಿದರೆ ಮಿದುಳು ಬಿಸಿಯಾಗುತ್ತದೆಂದು ಅದನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ, ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದರು. ಹೀಗಾಗಿ ಡಾಕ್ಟರಮ್ಮನ ಮಾತು ಕ್ಯಾಷಿಯರ್ ಅಕ್ಕನಿಗೂ ಕೇಳಿತು, ನಾಲ್ಕನೇ ಚಹಾ ಕುಡಿಯುತ್ತಿದ್ದ ವಾರ್ಡನ್‌ಗೂ ಕೇಳಿತು.

"ಅಂಟಲ್ಲ ಅಂದ್ರೆ ಅಂಟಲ್ಲ. ಈಕೆಗೆ ಬೇಕಾಗಿರೋದು ಔಷಧಿಗಿಂತ ನಿದ್ದೆ. ಮನೇಲಿ ತಂಪಾದ ಒಳ್ಳೆ ಹಾಸಿಗೆ ಇದ್ರೆ ಸಾಕು" ಎಂದು ಡಾಕ್ಟರಮ್ಮ ಫೋನು ಹಿಂದಿರುಗಿಸಿದರು.

"ಇವಳ ಮನೇಲಿ ಹಾಸಿಗೆ ಇಲ್ವಾ?" ಎಂದ ವಾರ್ಡನ್ ದನಿ. "ಹಾಸಿಗೆ ಅಂಗಡಿಯೋಳ ಮನೇಲಿ?"

ಮಾಲೀಕರ ಕೆಮ್ಮು ಕೇಳಿಸಿತು. ಆಮೇಲೆ ಔದಾರ್ಯದ ಗಂಟಲಲ್ಲಿ, "ಈಗಲೇ ಕಳಿಸ್ತೀನಿ! ಆ ಕಿಟಕಿ ಹಾಸಿಗೇನೇ! ಉಚಿತ! ಡ್ರೈವರ್, ವ್ಯಾನಿಗೆ ಹಾಕೋ!"

"ಅದಿರಲಿ ಬಿಡಿ" ಅಂದಳು ವಾರ್ಡನ್. "ಏನಮ್ಮಾ, ಡಾಕ್ಟರು ನಿನ್ನ ಬಗ್ಗೆ ಹೇಳಿದ್ರು. ಅಂಗಡಿ ಬಗ್ಗೆ ನೀನು ಹೇಳು. ಅಲ್ಲಿ ತಿಗಣೆ ಇಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅವಳ ಕಿವಿಯಲ್ಲಿನ್ನೂ ಆ ಪುಟ್ಟ ಕುದುರೆ ಓಡುತ್ತಿತ್ತು. ಆ ಗಳಿಗೆಯಲ್ಲಿ ಅವಳು ಲೋಕದ ಯಾವ ಒಳ್ಳೆಯದಕ್ಕೂ ಜಾಮೀನು ನಿಲ್ಲಲು ತಯಾರಿದ್ದಳು. "ನನ್ನ ಹೊಟ್ಟೆ ಮೇಲೆ ಕೈಯಿಟ್ಟು ಹೇಳ್ತೀನಿ ಮೇಡಂ. ನಮ್ಮಂಗಡೀಲಿ ಒಂದೇ ಒಂದು ತಿಗಣೆ ಇಲ್ಲ. ಮಗುವಿನಾಣೆ."

"ಬಸುರಿ ಹಾಗೆಲ್ಲ ಸುಳ್ಳು ಆಣೆ ಇಡಲ್ಲ" ಎಂದು ವಾರ್ಡನ್ ಮೆತ್ತಗಾದಳು.

ಮುಲಾಮು ಕೊಂಡು, ಬಸ್ಸಿಗೆ ಕಾದು ಮನೆಗೆ ಬಂದಾಗ ಹೊತ್ತು ಇಳಿದಿತ್ತು. ದಾರಿಯುದ್ದಕ್ಕೂ ಅವಳು ಆ ಹಾಸಿಗೆಯನ್ನೇ ನೆನೆಸಿಕೊಂಡು ಬಂದಿದ್ದಳು. ತಣ್ಣೀರು ಸುರಿದುಕೊಳ್ಳುವುದು, ಮುಲಾಮು ಹಚ್ಚುವುದು, ಕಣ್ಣು ಮುಚ್ಚುವುದು. ಯಾರೂ ಗಾಜಿನಾಚೆಯಿಂದ ನೋಡುವುದಿಲ್ಲ. ಬಾಗಿಲು ತೆಗೆದಳು. ಕೋಣೆಯ ತುಂಬ ಕಿಟಕಿಯ ಹಾಸಿಗೆ, ರಾಜನಂತೆ ಹರಡಿಕೊಂಡು. ಅದರ ನಡುಮಧ್ಯೆ ಗಂಡ ಕೂತಿದ್ದ.

"ಆಗಲೇ ಬಂತು ಕಣೇ. ಬಂದ ಕೂಡಲೇ ಪರದೆ ಎಳೆದು ಇದರ ಮೇಲೇ ಬಿದ್ದುಕೊಂಡೆ. ಎಂಥಾ ನಿದ್ದೆ ಅಂತೀಯ!" ಅಂದ ಅವನು. ಅನ್ನುತ್ತಲೇ ಕುತ್ತಿಗೆ ಕೆರೆದ. ತೋಳು ಕೆರೆದ. ಬೆನ್ನಿಗೆ ಕೈ ಎಟುಕದೆ ಬಾಚಣಿಗೆ ಹುಡುಕಿದ. "ಎದ್ದಾಗಿಂದ ಯಾಕೋ ಹೀಗೇ. ನಿನ್ನದು ನನಗೂ ಅಂಟ್ತು ಅಂತ ಕಾಣುತ್ತೆ."

"ನನ್ನದು ಅಂಟಲ್ಲ" ಅಂದಳು ಅವಳು, ನಿಧಾನವಾಗಿ.

ಅವನ ತೋಳನ್ನು ದೀಪದ ಕೆಳಗೆ ಎಳೆದಳು. ಸಾಲಾಗಿ ಮೂರು ಕೆಂಪು ಚುಕ್ಕೆ. ಅದರ ಪಕ್ಕಕ್ಕೆ ತನ್ನ ತೋಳನ್ನು ಹಿಡಿದಳು. ಸಾಲಾಗಿ ಮೂರು ಕೆಂಪು ಚುಕ್ಕೆ. ಗಂಡ ಹೆಂಡಿರು ಇಬ್ಬರೂ ಒಟ್ಟಿಗೇ ಬಗ್ಗಿ ಹಾಸಿಗೆಯ ಅಂಚಿನ ಹೊಲಿಗೆಯನ್ನು ಬಿಡಿಸಿ ನೋಡಿದರು. ಅಲ್ಲಿ ಹೊಟ್ಟೆ ತುಂಬ ಉಂಡ, ಕಂದುಬಣ್ಣದ ದಪ್ಪನೆಯ ಮಹನೀಯರೊಬ್ಬರು ಸಂಜೆಯ ವಾಯುವಿಹಾರಕ್ಕೆ ಹೊರಟಿದ್ದರು. ಹಿಂದೆ ಸಂಸಾರ.

ಲಾಡ್ಜಿನ ಹಳೇ ಹಾಸಿಗೆಗಳು, ವ್ಯಾನಿನ ರಾಶಿ, ಡ್ರೈವರನ ಕುತ್ತಿಗೆ, ಕಿಟಕಿಯ ಹಾಸಿಗೆಯ ಮೇಲೆ ಅವನ ಮಧ್ಯಾಹ್ನದ ನಿದ್ದೆ. ಎಲ್ಲ ಒಂದರ ಹಿಂದೊಂದು ಅವಳ ಕಣ್ಣ ಮುಂದೆ ಬಂದವು. ವಾರ್ಡನ್ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ತಾನಿಟ್ಟ ಆಣೆಯಲ್ಲಿ. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು, ಕೆರೆಯಲಿಕ್ಕಲ್ಲ.

ಗಂಡ ಹಾಸಿಗೆಯನ್ನು ದರದರ ಎಳೆದು ಅಂಗಳಕ್ಕೆ ಹಾಕುವ ಗದ್ದಲಕ್ಕೆ ಎದುರುಮನೆಯ ಅಜ್ಜಿ ಬಂದೇಬಿಟ್ಟಳು. ಅವನು ಎರಡೂ ಕೈಯಿಂದ ಕೆರೆದುಕೊಳ್ಳುವುದನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ನಿನಗೂ ತುರಿಕೆ, ಇವನಿಗೂ ತುರಿಕೆ?" ಬೆರಳಿನಲ್ಲಿ ಏನೋ ಲೆಕ್ಕ ಹಾಕಿದಳು. "ಹಾಗಾದ್ರೆ ಒಂದಲ್ಲ ಕಣೇ. ಅವಳಿ!" ಎಂದು ಬೀದಿಗೆಲ್ಲ ಸುದ್ದಿ ಹೇಳಲು ಹೊರಟೇಹೋದಳು.

ಅವಳಿಗೆ ಅವಳಿಯ ಕಡೆ ಗಮನವಿರಲಿಲ್ಲ. ಮಗುವಿನ ಮೇಲಿಟ್ಟ ಆಣೆಯನ್ನು ಇಳಿಸಿಕೊಳ್ಳದೆ ಅವಳಿಗೆ ಇವತ್ತು ನಿದ್ದೆ ಬರುವಂತಿರಲಿಲ್ಲ. ಅಂಗಡಿಗೆ ಫೋನ್ ಮಾಡಿದಳು.

"ಮೇಡಂ! ನಿಮಗೆ ಆಯಸ್ಸು ಗಟ್ಟಿ!" ಮಾಲೀಕರ ದನಿ ಸ್ಪೀಕರಿನಿಂದ ಉಕ್ಕಿತು. "ವಾರ್ಡನ್ ಇನ್ನೂ ಇಲ್ಲೇ ಇದ್ದಾರೆ, ಲೆಕ್ಕ ಮಾಡ್ತಾ. ಇಡೀ ಹಾಸ್ಟೆಲ್‌ಗೆ ನಮ್ಮದೇ ಹಾಸಿಗೆ! ನಾಳೆ ವ್ಯಾನು ಹೊರಡುತ್ತೆ. ಎಲ್ಲ ನಿಮ್ಮ ಆಣೆಯ ಪ್ರಭಾವ!"

"ಸಾರ್, ವ್ಯಾನು ಹೊರಡಿಸಬೇಡಿ. ವ್ಯಾನಲ್ಲಿ ತಿಗಣೆ ಇದೆ. ಕಿಟಕಿ ಹಾಸಿಗೇಲೂ ಇದೆ. ನಾನು ಗೊತ್ತಿಲ್ಲದೆ ಆಣೆ ಇಟ್ಟೆ. ವಾರ್ಡನ್ ಮೇಡಂ, ಕೇಳಿಸ್ತಾ ಇದೆಯಾ? ತಿಗಣೆ ಇದೆ!"

"ಅಯ್ಯೋ ಪಾಪ" ಅಂದಳು ವಾರ್ಡನ್. "ಮತ್ತೆ ಶುರುವಾಯ್ತಾ ನಿನಗೆ? ಅದು ತಿಗಣೆಯಲ್ಲಮ್ಮ, ಬಸುರಿನ ತುರಿಕೆ. ಡಾಕ್ಟರೇ ಹೇಳಿದ್ರಲ್ಲ."

"ನನಗಲ್ಲ ಮೇಡಂ, ನನ್ನ ಗಂಡನಿಗೆ! ಅವರಿಗೂ ಮೈಯೆಲ್ಲ ತುರಿಕೆ!"

ಸ್ಪೀಕರಿನ ಆ ಬದಿ ಚಹಾದ ಲೋಟ ಮೇಜಿಗೆ ಕುಕ್ಕಿದ ಸದ್ದು. ಅಬ್ಬ, ಕೊನೆಗೂ ಅರ್ಥವಾಯಿತು ಎಂದು ಅವಳು ಉಸಿರು ಬಿಟ್ಟಳು.

"ಅಂಟುತ್ತೆ!" ಕ್ಯಾಷಿಯರ್ ಅಕ್ಕ ಚೀರಿದಳು. "ನಾನು ಆಗಲೇ ಹೇಳ್ಲಿಲ್ವಾ ಸಾರ್, ಅಂಟುತ್ತೆ ಅಂತ!"

"ಅಲ್ಲ, ತಿಗಣೆ, ನಾನು ಕಣ್ಣಾರೆ…"

"ಹಾಸಿಗೆಗಳದ್ದೇನೂ ತಪ್ಪಿಲ್ಲ ಬಿಡಿ" ಎಂದು ವಾರ್ಡನ್ ಮಾಲೀಕರಿಗೆ ಸಮಾಧಾನ ಹೇಳುತ್ತಿದ್ದದ್ದು ಕೇಳಿಸಿತು. "ಆ ಹುಡುಗಿ ಮುಟ್ಟದೇ ಇರೋದನ್ನೇ ನೋಡಿ ಕಳಿಸಿ. ಅಷ್ಟೇ."

"ಮೇಡಂ, ನೀವು ಏನೂ ಯೋಚನೆ ಮಾಡಬೇಡಿ" ಅಂದರು ಮಾಲೀಕರು. ದನಿ ಸ್ವಲ್ಪ ದೂರದಿಂದ ಬಂತು. ಫೋನಿನಿಂದಲೂ ಅಂಟೀತೆಂದು ಮೇಜು ಬಿಟ್ಟು ಹಿಂದೆ ಸರಿದಿದ್ದರೋ ಏನೋ. "ಹೆರಿಗೆ ಆಗಲಿ, ಪೂರ್ತಿ ವಾಸಿಯಾಗಲಿ, ಆಮೇಲೆ ನೋಡೋಣ. ಕಿಟಕಿಗೆ ಬೇರೆ ಹಾಸಿಗೆ ಹಾಕಿಸಿದೀನಿ. ನಿಮ್ಮ ಜಾಗದಲ್ಲಿ ನಾಳೆಯಿಂದ ನಮ್ಮ ಡ್ರೈವರೇ ಮಲಗ್ತಾನೆ. ಅವನು ಮಲಗಿದ್ರೆ ನೋಡೋರಿಗೂ ನಿದ್ದೆ ಬರುತ್ತೆ."

ಫೋನು ಕಟ್ಟಾಯಿತು. ಗಂಡ ಹಳೇ ತೆಳ್ಳನೆಯ ಹಾಸಿಗೆಯನ್ನು ಕೊಡವಿ ನೆಲಕ್ಕೆ ಹಾಸಿ, ಕೆರೆದುಕೊಳ್ಳುತ್ತಲೇ ಕೆಲಸಕ್ಕೆ ಹೊರಟ. ಅವಳು ಮಲಗಿದಳು. ಒಂದೊಂದೇ ಗುಳ್ಳೆ ಎಚ್ಚರವಾಗತೊಡಗಿತು. ಒಳಗೆ ಮಗು ಒಮ್ಮೆ ಒದೆಯಿತು, ಆಮೇಲೆ ಸುಮ್ಮನಾಯಿತು.

"ನೀನಾದ್ರೂ ಮಲಗು" ಅಂದಳು ಅವಳು, ಬಾಚಣಿಗೆಯನ್ನು ಕೈಗೆತ್ತಿಕೊಳ್ಳುತ್ತ.